ಮಾತ್ರೆ, ಓಸಿ ಚೀಟಿ ಮತ್ತು ಪಾರ್ಕಿನ್‌ಸನ್: ಯಾರೂ ಕೇಳದೆ ಉಳಿದ ಪ್ರಶ್ನೆಗಳು

ಪಾರ್ಕಿನ್‌ಸನ್‌ನಂಥ ಚಲನೆಯ ಕಾಯಿಲೆಗಳಿಗೆ ಕೊಡುವ ಕೆಲವು ಮಾತ್ರೆಗಳಿಂದ ರೋಗಿಗಳು ಜೂಜಿಗೆ ಬಿದ್ದರು, ಬೇಡದ್ದನ್ನೆಲ್ಲ ಕೊಂಡರು, ಲೈಂಗಿಕ ವರ್ತನೆಯಲ್ಲಿ ಹದ ತಪ್ಪಿದರು ಎಂದು ಬಿಬಿಸಿ 2025ರಲ್ಲಿ ಒಂದರ ಹಿಂದೊಂದು ವರದಿ ಮಾಡಿತು. ಹೀಗಾಗಬಹುದೆಂದು ಡಾಕ್ಟರು ಮೊದಲೇ ಹೇಳಿರಲಿಲ್ಲ ಎಂಬುದು ಆ ರೋಗಿಗಳ ದೊಡ್ಡ ದೂರು. ಸುದ್ದಿ ಬ್ರಿಟನ್ನಿನದೇ ಇರಬಹುದು. ಆದರೆ ಅದೇ ಗುಂಪಿನ ಪ್ರಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳನ್ನು ನಮ್ಮಲ್ಲೂ ಬರೆದುಕೊಡುತ್ತಾರೆ, ಶಿವಮೊಗ್ಗದಲ್ಲೂ ನುಂಗುತ್ತಾರೆ. ಇಂಥ ಸುದ್ದಿ ವಾಟ್ಸಾಪ್‌ಗೆ ಇಳಿಯುವ ಹೊತ್ತಿಗೆ ಒಂದೇ ಸಾಲಾಗಿರುತ್ತದೆ: ನಡುಕದ ಮಾತ್ರೆ ತಿಂದರೆ ತಲೆ ಕೆಡುತ್ತದೆ.

ಮನೆಯಲ್ಲಿ ಪಾರ್ಕಿನ್‌ಸನ್ ರೋಗಿ ಇರುವವರಿಗೆ ಇದನ್ನು ಓದಿದಾಗ ಎರಡು ಪ್ರಶ್ನೆ ಏಳುತ್ತವೆ. ಇದು ನಿಜವೇ? ನಿಜವಾದರೆ ಮಾತ್ರೆ ನಿಲ್ಲಿಸಬೇಕೇ? ಮೊದಲನೆಯದಕ್ಕೆ ಉತ್ತರ, ಕೆಲವರಲ್ಲಿ ನಿಜ. ಎರಡನೆಯದಕ್ಕೆ ಉತ್ತರ, ಸ್ವಂತ ಬುದ್ಧಿಯಿಂದ ಒಮ್ಮೆಲೇ ನಿಲ್ಲಿಸುವುದು ಬೇಡವೇ ಬೇಡ. ಪಾರ್ಕಿನ್‌ಸನ್ ಔಷಧಿಯನ್ನು ಹಠಾತ್ತಾಗಿ ಬಿಟ್ಟರೆ ಕೆಲವರಿಗೆ ಜ್ವರ ಏರಿ, ಮೈ ಮರಗಟ್ಟಿ, ಪ್ರಜ್ಞೆ ಮಸುಕಾಗುತ್ತದೆ. ಅದು ಪ್ರಾಣಕ್ಕೇ ಕುತ್ತು. ಜೂಜಿನ ಚಟಕ್ಕೆ ಕಾರಣವಾದ ಮಾತ್ರೆಯನ್ನೂ ಹಂತಹಂತವಾಗಿಯೇ ಇಳಿಸಬೇಕು. ಇಲ್ಲದಿದ್ದರೆ ಆತಂಕ, ಬೆವರು, ಖಿನ್ನತೆ ಒಟ್ಟಿಗೆ ಮುತ್ತುತ್ತವೆ.

ಈ ಎರಡು ಉತ್ತರಗಳ ನಡುವೆ ಮೂರನೆಯ ಪ್ರಶ್ನೆಯೊಂದು ಉಳಿಯುತ್ತದೆ. ಕೈ ಎಷ್ಟು ನಡುಗುತ್ತದೆ, ಹೆಜ್ಜೆ ಎಷ್ಟು ಗಿಡ್ಡವಾಗಿದೆ ಎಂದು ಪ್ರತಿ ಸಲ ನೋಡುವ ವ್ಯವಸ್ಥೆ, ಅದೇ ಕಾಯಿಲೆ ಮನಸ್ಸಿಗೆ ಮತ್ತು ಬುದ್ಧಿಗೆ ಏನು ಮಾಡುತ್ತಿದೆ ಎಂದು ಯಾಕೆ ಕೇಳುವುದಿಲ್ಲ?

1817ರ ಒಂದು ವಾಕ್ಯ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದ್ದು ಬರೀ ಆರು ಜನರನ್ನು ನೋಡಿ. ಅವರಲ್ಲಿ ಕೆಲವರನ್ನು ಅವನು ಕಂಡದ್ದು ಬೀದಿಯಲ್ಲಿ. ನಡುಕ, ಬಾಗಿದ ಬೆನ್ನು, ತಡೆಯಲಾಗದೆ ಮುಂದಕ್ಕೆ ಓಡುವಂಥ ನಡಿಗೆ ಎಲ್ಲವನ್ನೂ ಬಹಳ ನಿಖರವಾಗಿ ಗುರುತಿಸಿದ. ಆದರೆ ಅದೇ ವ್ಯಾಖ್ಯಾನದ ಕೊನೆಯಲ್ಲಿ, ಇಂದ್ರಿಯಗಳಿಗೂ ಬುದ್ಧಿಗೂ ಇದರಿಂದ ಧಕ್ಕೆಯಿಲ್ಲ ಎಂದೂ ಬರೆದುಬಿಟ್ಟ. ಬೀದಿಯಲ್ಲಿ ನಿಂತು ನೋಡಿದವನಿಗೆ ಅಷ್ಟೇ ತಾನೇ ಕಾಣುವುದು.

ಆ ಮಾತು ಬಹುಕಾಲ ಉಳಿಯಿತು. 1960ರ ದಶಕದ ಕೊನೆಗೆ, ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವಾಗಿ ಬದಲಾಗುವ ಲೆವೊಡೋಪಾ ಔಷಧಿ ಬಂದಾಗ ಮರದಂತಿದ್ದ ರೋಗಿಗಳು ಎದ್ದು ನಡೆದರು. ಕಾಯಿಲೆ ಎಂದರೆ ಚಲನೆ, ಚಿಕಿತ್ಸೆ ಎಂದರೆ ಡೋಪಮಿನ್ ಎಂಬ ನಂಬಿಕೆ ಅದರಿಂದ ಇನ್ನಷ್ಟು ಗಟ್ಟಿಯಾಯಿತು. ಚಲನೆ ಸುಧಾರಿಸಿ ರೋಗಿಗಳು ಹೆಚ್ಚು ವರ್ಷ ಬದುಕತೊಡಗಿದ ಮೇಲೆಯೇ ಉಳಿದದ್ದೆಲ್ಲ ಎದ್ದು ಕಂಡದ್ದು: ಖಿನ್ನತೆ, ಆತಂಕ, ನಿರಾಸಕ್ತಿ, ಇಲ್ಲದ್ದು ಕಾಣುವುದು, ಮರೆವು.

ವೈದ್ಯಲೋಕ ಈಗ ಇದನ್ನು ಒಪ್ಪಿಕೊಂಡಿದೆ. ಚಲನೆಯ ಕಾಯಿಲೆಗಳ ಅಂತಾರಾಷ್ಟ್ರೀಯ ವೈದ್ಯರ ಸಂಘ 2008ರಲ್ಲಿ ಪರಿಷ್ಕರಿಸಿದ ಅಳತೆಪಟ್ಟಿಯಲ್ಲಿ ನಾಲ್ಕು ಭಾಗಗಳಿವೆ. ಮೊದಲ ಭಾಗ ಶುರುವಾಗುವುದೇ ಅರಿವು, ಭ್ರಮೆ, ಖಿನ್ನತೆ, ಆತಂಕ, ನಿರಾಸಕ್ತಿ ಮತ್ತು (ಎರಡೂ ಒಂದರಲ್ಲೇ ಸೇರಿ) ಔಷಧಿಯ ಅತಿಬಳಕೆ-ಚಟ ಎಂಬ ಆರು ವಿಷಯಗಳಿಂದ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಅಂದರೆ ಅಳೆಯುವ ಕೋಲು ಬಂದು ಎಷ್ಟೋ ವರ್ಷವಾಯಿತು. ಹೊರರೋಗಿ ವಿಭಾಗದ ಸಾಲಿನಲ್ಲಿ ಒಬ್ಬೊಬ್ಬರಿಗೆ ಸಿಗುವ ಕೆಲವೇ ನಿಮಿಷಗಳಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ ಭಾಗ. ಕೈ ನಡುಕ ರೋಗಿ ಕೂತಕೂಡಲೇ ಕಾಣುತ್ತದೆ. ಉಳಿದದ್ದನ್ನು ಕೇಳಿಯೇ ತಿಳಿಯಬೇಕು.

ಡೋಪಮಿನ್ ಹೋಗುವ ಎರಡು ದಾರಿ

ಮಾತ್ರೆಗೂ ಜೂಜಿಗೂ ಏನು ಸಂಬಂಧ ಎಂಬುದನ್ನು ತುಸು ನಿಧಾನವಾಗಿ ನೋಡೋಣ. ಸುದ್ದಿಯಲ್ಲಿ ಜಾಸ್ತಿ ಗೊಂದಲ ಆಗಿರುವುದು ಇಲ್ಲೇ.

ಡೋಪಮಿನ್ ಮೆದುಳಿನ ಒಂದೇ ಜಾಗದಲ್ಲಿ ಕೆಲಸ ಮಾಡುವ ರಾಸಾಯನಿಕವಲ್ಲ. ಒಂದು ದಾರಿ ಚಲನೆಯನ್ನು ನಡೆಸುತ್ತದೆ. ಪಾರ್ಕಿನ್‌ಸನ್‌ನಲ್ಲಿ ಮೊದಲು ಬತ್ತುವುದು ಆ ದಾರಿ. ಇನ್ನೊಂದು ದಾರಿ ಆಸೆ, ಖುಷಿ, 'ಇನ್ನೊಂದು ಸಲ' ಎನಿಸುವುದಕ್ಕೆ ಸಂಬಂಧಪಟ್ಟದ್ದು. ಕಾಯಿಲೆಯ ಮೊದಲ ವರ್ಷಗಳಲ್ಲಿ ಅದು ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಒಣಗಿದ ಮೇಲಿನ ತೋಟಕ್ಕೆಂದು ಪಂಪು ಹಾಕಿದರೆ, ಮೊದಲೇ ನೀರಿದ್ದ ಕೆಳಗಿನ ತೋಟದ ಬುಡವೆಲ್ಲ ಜೌಗಾದ ಹಾಗೆ, ಚಲನೆಗೆಂದು ಕೊಟ್ಟ ಔಷಧಿ ಆಸೆಯ ದಾರಿಗೆ ಅತಿಯಾಗುತ್ತದೆ. ಡೋಪಮಿನ್ ಅಗೋನಿಸ್ಟ್ ಎಂದು ಕರೆಯುವ, ಡೋಪಮಿನ್ನಿನ ವೇಷ ಹಾಕಿ ಕೆಲಸ ಮಾಡುವ ಮಾತ್ರೆಗಳು ಆ ದಾರಿಯ ಗ್ರಾಹಕಗಳಿಗೆ ಹೆಚ್ಚು ಅಂಟಿಕೊಳ್ಳುತ್ತವೆ. ಮುಖ್ಯ ಆರೋಪಿಗಳು ಅವೇ.

ಎಷ್ಟು ಜನರಿಗೆ? ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಜೂಜು, ಅತಿ ಖರೀದಿ, ಅತಿ ಲೈಂಗಿಕತೆ, ಅತಿ ತಿನ್ನುವಿಕೆ ಈ ನಾಲ್ಕರಲ್ಲಿ ಒಂದಾದರೂ 13.6 ಶೇಕಡಾ ಜನರಲ್ಲಿತ್ತು. ಅಗೋನಿಸ್ಟ್ ತೆಗೆದುಕೊಳ್ಳುತ್ತಿದ್ದವರಲ್ಲಿ 17.1 ಶೇಕಡಾ, ತೆಗೆದುಕೊಳ್ಳದವರಲ್ಲಿ 6.9 ಶೇಕಡಾ. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ಆ ಮಾತ್ರೆ ತಿನ್ನುವ ಬಹುಪಾಲು ಜನರಿಗೆ ಇದು ಆಗುವುದಿಲ್ಲ. ಆದರೆ ಐದಾರು ಜನರಲ್ಲಿ ಒಬ್ಬರಿಗೆ ಆಗುವ ಸಂಗತಿಯನ್ನು ಅಪರೂಪ ಎಂದು ಬದಿಗೆ ಸರಿಸುವಂತೆಯೂ ಇಲ್ಲ.

ಚಟದ ರೂಪ ಊರಿಗೆ ತಕ್ಕ ಹಾಗೆ ಬದಲಾಗುತ್ತದೆ ಎಂಬುದನ್ನು ಪ್ರಶ್ನಾವಳಿಗಳು ಮರೆಯುತ್ತವೆ. 'ನೀವು ಕ್ಯಾಸಿನೊಗೆ ಹೋಗುತ್ತೀರಾ' ಎಂದು ಹೊಸನಗರದ ಹಿರಿಯರನ್ನು ಕೇಳಿದರೆ ನಕ್ಕು 'ಇಲ್ಲ' ಅಂದಾರು. ಆ ಉತ್ತರ ಸುಳ್ಳಲ್ಲ, ಪ್ರಶ್ನೆಯೇ ಊರು ತಪ್ಪಿ ಬಂದದ್ದು. ಇಲ್ಲಿ ಕೇಳಬೇಕಾದದ್ದು ಓಸಿ (ಅಂಕಿಗೆ ಹಣ ಕಟ್ಟುವ ಕಳ್ಳ ಜೂಜು) ಬರೆಸುವುದು, ಇಸ್ಪೀಟಿನ ಕಳ, ಮೊಬೈಲಿನ ರಮ್ಮಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅಲ್ಲಿಗೆ ಒಂದು ಬಾಗಿಲು ಮುಚ್ಚಿತು. ಓಸಿಗೆ ಕಾನೂನಿನ ಬಾಗಿಲು ಯಾವತ್ತೂ ಇರಲಿಲ್ಲ, ಆದರೂ ಅದು ನಡೆದೇ ಇದೆ.

ಜೂಜೇ ಆಗಬೇಕೆಂದೂ ಇಲ್ಲ. ಚೆನ್ನಾಗಿದ್ದ ಪಂಪ್‌ಸೆಟ್ಟನ್ನು ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು. ರಾತ್ರಿ ಎರಡು ಗಂಟೆಗೆ ಕಪಾಟಿನ ಕಾಗದಗಳನ್ನೆಲ್ಲ ಹರಡಿಕೊಂಡು ವಿಂಗಡಿಸುತ್ತ ಕೂರುವುದು. ಇದ್ದಕ್ಕಿದ್ದಂತೆ ಸಿಹಿಗೆ ಬಿದ್ದು ಡಬ್ಬಿ ಖಾಲಿ ಮಾಡುವುದು. ಮನೆಯವರು ಇದನ್ನು 'ವಯಸ್ಸಾಯ್ತು, ಅರಳು ಮರಳು' ಎಂದು ಬಿಡುತ್ತಾರೆ. ಲೈಂಗಿಕ ಒತ್ತಾಯದ ವಿಷಯವಂತೂ ಹೆಂಡತಿಯ ಬಾಯಿಂದ ಹೊರಗೇ ಬರುವುದಿಲ್ಲ. ಬಂದರೂ 'ಈ ವಯಸ್ಸಲ್ಲಿ ಇವರಿಗೆ ಇದೆಂತದು' ಎಂಬ ನಾಚಿಕೆಯಾಗಿ ಬರುತ್ತದೆ, ಔಷಧಿಯ ಅಡ್ಡಪರಿಣಾಮವಾಗಿ ಬರುವುದಿಲ್ಲ.

ನಮ್ಮ ಕಡೆಯ ಇನ್ನೊಂದು ವಿಷಯ ನಸುಗುನ್ನಿ. ಮುಟ್ಟಿದರೆ ಮೈಯೆಲ್ಲ ತುರಿಸುವ ಆ ಬಳ್ಳಿಯ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. ಆಯುರ್ವೇದದಲ್ಲಿ ಕಂಪವಾತಕ್ಕೆ ಅದನ್ನು ಬಹುಕಾಲದಿಂದ ಬಳಸುತ್ತಾರೆ. ಕೆಲಸ ಮಾಡುವ ವಸ್ತುವಾದ್ದರಿಂದಲೇ ಅಡ್ಡಪರಿಣಾಮವೂ ಇದೆ. ಒಂದು ಕಡೆ ಡಾಕ್ಟರ ಮಾತ್ರೆ, ಇನ್ನೊಂದು ಕಡೆ ಹೇಳದೆ ತಿನ್ನುವ ಬೀಜದ ಪುಡಿ ಎರಡೂ ಸೇರಿದರೆ, ಭ್ರಮೆ ಎಲ್ಲಿಂದ ಬಂತೆಂದು ಡಾಕ್ಟರು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಎಚ್ಚರಿಸಬೇಕೇ, ಬೇಡವೇ?

ವೈದ್ಯರಲ್ಲೇ ಇಲ್ಲಿ ಎರಡು ಮಾತಿದೆ. ಒಂದು ಕಡೆಯವರು ಹೇಳುವುದು: ಎಲ್ಲ ಅಡ್ಡಪರಿಣಾಮ ಓದಿ ಹೇಳಿದರೆ ರೋಗಿ ಹೆದರಿ ಮಾತ್ರೆಯನ್ನೇ ಮುಟ್ಟುವುದಿಲ್ಲ, ಕಾಯಿಲೆ ಬಿಗಿಯುತ್ತದೆ, ಬೀಳುತ್ತಾನೆ, ಸೊಂಟ ಮುರಿಯುತ್ತದೆ. ಈ ಭಯ ಪೊಳ್ಳಲ್ಲ. ಇನ್ನೊಂದು ಕಡೆಯವರು, ಗೊತ್ತಿಲ್ಲದವನಿಗೆ ತನ್ನ ಹೊಸ ಆಸೆ ಮಾತ್ರೆಯದ್ದೆಂದು ಹೊಳೆಯುವುದಾದರೂ ಹೇಗೆ ಎನ್ನುತ್ತಾರೆ. ಸಾಲ ಮಾಡಿ, ಮನೆಯವರಿಂದ ಮುಚ್ಚಿಟ್ಟು, ತಾನು ಕೆಟ್ಟವನಾದೆ ಎಂದು ಒಳಗೇ ಕುಸಿಯುತ್ತಾನೆ.

ಎರಡನೆಯ ವಾದವೇ ತೂಕದ್ದು ಎಂದು ನನಗೆ ಅನಿಸುತ್ತದೆ. ಕಾರಣ ಸರಳ. ಮೊದಲ ಹಾನಿಯನ್ನು ತಡೆಯಲು ಇನ್ನೊಂದು ಮಾತು ಸಾಕು: 'ಹೀಗಾದರೆ ಹೇಳಿ, ಮಾತ್ರೆ ಬದಲಿಸಬಹುದು, ನೀವೇ ನಿಲ್ಲಿಸಬೇಡಿ'. ಎರಡನೆಯ ಹಾನಿಯನ್ನು ಆಮೇಲೆ ತುಂಬಿಕೊಡಲಾಗುವುದಿಲ್ಲ. ಅಡವಿಟ್ಟ ತೋಟ ಡೋಸು ಇಳಿಸಿದ್ದಕ್ಕೆ ವಾಪಸ್ ಬರುವುದಿಲ್ಲವಲ್ಲ. ಆದರೆ ಎಚ್ಚರಿಕೆ ರೋಗಿಯ ಕಿವಿಗೆ ಮಾತ್ರ ಬಿದ್ದರೆ ಅರ್ಧ ಕೆಲಸವೇ ಆಗುವುದು. ಚಟ ಹತ್ತಿದವನಿಗೆ ಅದು ಚಟ ಎಂದು ಕೊನೆಗೆ ಗೊತ್ತಾಗುತ್ತದೆ; ಪಾಸ್‌ಬುಕ್ ನೋಡುವವರಿಗೆ ಮೊದಲು.

ಬೇಜಾರೂ ನಿರಾಸಕ್ತಿಯೂ ಒಂದಲ್ಲ

ಪಾರ್ಕಿನ್‌ಸನ್ ರೋಗಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಗಮನಕ್ಕೆ ತೆಗೆದುಕೊಳ್ಳಬೇಕಾದ ಮಟ್ಟದ ಖಿನ್ನತೆಯ ಲಕ್ಷಣಗಳಿರುತ್ತವೆ. ಎಷ್ಟೋ ಜನರಲ್ಲಿ ಅದು ನಡುಕಕ್ಕಿಂತ ವರ್ಷಗಳ ಮೊದಲೇ ಬಂದಿರುತ್ತದೆ. ಕಾಯಿಲೆ ಬಂತೆಂಬ ದುಃಖವಷ್ಟೇ ಇದಕ್ಕೆ ಕಾರಣವಲ್ಲ, ಮೆದುಳಿನಲ್ಲಿ ಡೋಪಮಿನ್ ಜೊತೆಗೆ ಸೆರೊಟೋನಿನ್, ನಾರ್‌ಅಡ್ರಿನಲಿನ್ ವ್ಯವಸ್ಥೆಗಳೂ ಸವೆಯುತ್ತವೆ.

ಅಳೆಯುವಾಗ ತೊಡಕು ಬರುವುದು ಲಕ್ಷಣಗಳು ಒಂದರ ಮೇಲೊಂದು ಬೀಳುವುದರಿಂದ. ಖಿನ್ನತೆಯ ಸಾಮಾನ್ಯ ಪ್ರಶ್ನಾವಳಿ ನಿದ್ದೆ ಹೇಗಿದೆ, ಹಸಿವು ಹೇಗಿದೆ, ನಿಧಾನವಾಗಿದ್ದೀರಾ, ಸುಸ್ತೇ ಎಂದು ಕೇಳುತ್ತದೆ. ಇವೆಲ್ಲ ಪಾರ್ಕಿನ್‌ಸನ್ ಇದ್ದವರಿಗೆ ಖಿನ್ನತೆ ಇಲ್ಲದೆಯೂ ಇರುತ್ತವೆ. ಮುಖದ ಸ್ನಾಯುಗಳು ಬಿಗಿದು ಭಾವವೇ ಕಾಣದಂತಾಗುವುದೂ ಇದೇ ಕಾಯಿಲೆಯ ಗುಣ. ಮುಖ ನೋಡಿ 'ಬೇಜಾರಲ್ಲಿದ್ದಾರೆ' ಎನ್ನುವವರೂ ತಪ್ಪಬಹುದು, 'ಅವರ ಮುಖ ಇರುವುದೇ ಹಾಗೆ' ಎನ್ನುವವರೂ ತಪ್ಪಬಹುದು. ಹಾಗಾಗಿ ಮೈಯ ಲಕ್ಷಣ ಕಡಿಮೆ ಕೇಳುವ, ಮನಸ್ಸಿನದ್ದನ್ನು ಹೆಚ್ಚು ಕೇಳುವ ಹದಿನೈದು ಪ್ರಶ್ನೆಗಳ ಹಿರಿಯರ ಖಿನ್ನತೆಯ ಪಟ್ಟಿ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಿರಾಸಕ್ತಿ ಬೇರೆಯೇ. 'ಅಪ್ಪಯ್ಯ ಜಗುಲಿ ಮೇಲೆ ಕೂತು ರಸ್ತೆ ನೋಡ್ತಾ ಇರ್ತಾರೆ. ಕರೆದ್ರೆ ಬರ್ತಾರೆ, ಊಟ ಕೊಟ್ರೆ ಮಾಡ್ತಾರೆ, ತಾವಾಗಿ ಎಂತದೂ ಮಾಡಲ್ಲ' ಎಂದು ಮಗಳು ಹೇಳಿದರೆ, ಅಪ್ಪಯ್ಯನಿಗೆ ದುಃಖ ಇದೆಯೇ ಎಂದು ಮೊದಲು ಕೇಳಬೇಕು. ದುಃಖವೂ ಇಲ್ಲ, ಅಳುವೂ ಇಲ್ಲ, ಮನಸ್ಸೇ ಯಾವುದಕ್ಕೂ ಏಳುತ್ತಿಲ್ಲ ಎಂದರೆ ಅದು ನಿರಾಸಕ್ತಿ. ಖಿನ್ನತೆಯ ಮಾತ್ರೆ ಇದಕ್ಕೆ ಸಾಮಾನ್ಯವಾಗಿ ಅಷ್ಟು ನಾಟುವುದಿಲ್ಲ. ಮನೆಯಲ್ಲಿ ಮಾತ್ರ ಇದಕ್ಕೆ ಸಿಗುವ ಹೆಸರು ಸೋಮಾರಿತನ. ಕೊನೆ ಕೊಯ್ಲಿನ ಹೊತ್ತಿಗೆ ಮನೆಯೆಲ್ಲ ಅಡಿಕೆ ಸುಲಿಯುವ ಗಡಿಬಿಡಿಯಲ್ಲಿರುವಾಗ ಒಬ್ಬರು ಸುಮ್ಮನೆ ಕೂತಿದ್ದರೆ ಬೇರೆ ಹೆಸರು ಸಿಗುವುದು ಕಷ್ಟವೇ.

ಆತಂಕಕ್ಕೆ ಗಡಿಯಾರ ಹಿಡಿಯಬೇಕು. ಮಾತ್ರೆಯ ಪರಿಣಾಮ ಮುಗಿಯುವ ಹೊತ್ತಿಗೆ ಸರಿಯಾಗಿ ಎದೆ ಹೊಡೆದುಕೊಂಡು, ಮುಂದಿನ ಮಾತ್ರೆ ತೆಗೆದುಕೊಂಡ ಮೇಲೆ ಇಳಿಯುವುದಾದರೆ, ಬೇಕಾದದ್ದು ಆತಂಕದ ಹೊಸ ಔಷಧಿಯಲ್ಲ, ಹಳೆಯ ಮಾತ್ರೆಯ ಹೊತ್ತಿನ ಹೊಂದಾಣಿಕೆ.

ಅಂಗಳದ ಮೂಲೆಯಲ್ಲಿ ಯಾರೋ

ಪಾರ್ಕಿನ್‌ಸನ್‌ನ ಭ್ರಮೆಗಳು ಸಾಮಾನ್ಯವಾಗಿ ಸದ್ದಿಲ್ಲದೆ ಶುರುವಾಗುತ್ತವೆ. ಬೆನ್ನ ಹಿಂದೆ ಯಾರೋ ನಿಂತ ಹಾಗೆ. ಕಣ್ಣಂಚಿನಲ್ಲಿ ಬೆಕ್ಕು ಸರಿದ ಹಾಗೆ. ಗೋಡೆಗೆ ತೂಗುಹಾಕಿದ ಕಂಬಳಿಕೊಪ್ಪೆ ಮಬ್ಬಿನಲ್ಲಿ ಮನುಷ್ಯನಾಗುತ್ತದೆ, ಅಂಗಳಕ್ಕೆ ಬಿದ್ದ ಅಡಿಕೆ ಹಾಳೆ ಮಲಗಿದ ನಾಯಿಯಾಗುತ್ತದೆ. ಮುಂದೆ ಮಕ್ಕಳು, ಸಣ್ಣ ಪ್ರಾಣಿಗಳು, ಗುರುತಿಲ್ಲದ ಜನ ಸ್ಪಷ್ಟವಾಗಿ ಕಾಣುತ್ತಾರೆ. ಹೆಚ್ಚಾಗಿ ಅವರು ಮಾತಾಡುವುದಿಲ್ಲ. ಎಷ್ಟೋ ರೋಗಿಗಳಿಗೆ ಇದು ನಿಜವಲ್ಲ ಎಂದು ಮೊದಮೊದಲು ಗೊತ್ತಿರುತ್ತದೆ. ಆ ಅರಿವು ಕಳಚಿದ ಮೇಲೆ ಅನುಮಾನ ಸೇರುತ್ತದೆ: ಹೆಂಡತಿಯ ನಡತೆಯ ಮೇಲೆ, ಕೆಲಸದವರ ಮೇಲೆ, ಹಣ ಕದ್ದರೆಂದು ಸೊಸೆಯ ಮೇಲೆ.

ಮಲೆನಾಡಿನಲ್ಲಿ ಇದನ್ನು ಕೇಳುವುದು ನಾಜೂಕಿನ ಕೆಲಸ. ತೋಟದ ಅಂಚಿಗೆ ಚೌಡಿ, ಬೆಟ್ಟದ ದಾರಿಗೆ ಭೂತ ಇರುವ ಊರುಗಳಿವು. ಮುಸ್ಸಂಜೆಯಲ್ಲಿ ಯಾರನ್ನೋ ಕಂಡೆ ಎಂಬ ಮಾತಿಗೆ ಇಲ್ಲಿ ಕಾಯಿಲೆಗಿಂತ ಹಳೆಯದಾದ ವಿವರಣೆ ತಯಾರಿದೆ. ನಂಬಿಕೆ ಬೇರೆ, ರೋಗಲಕ್ಷಣ ಬೇರೆ. ಊರಿನವರೆಲ್ಲ ಹಂಚಿಕೊಂಡ ನಂಬಿಕೆಯನ್ನು ಯಾವ ಮನೋವೈದ್ಯರೂ ಭ್ರಮೆ ಎಂದು ಬರೆದುಕೊಳ್ಳಬಾರದು. ಆದರೆ ಮೂರು ತಿಂಗಳಿಂದ, ಮಾತ್ರೆ ಹೆಚ್ಚಿಸಿದ ಮೇಲೆ, ದಿನವೂ ಸಂಜೆ ಅಡಿಗೆಮನೆ ಬಾಗಿಲಲ್ಲಿ ಮೂರು ಮಕ್ಕಳು ನಿಲ್ಲುತ್ತವೆ ಎಂದರೆ ಅದು ಚೌಡಿಯ ಲೆಕ್ಕಕ್ಕೆ ಹೋಗುವುದಲ್ಲ. 'ದೆವ್ವ ಕಾಣುತ್ತಾ' ಎಂದು ಕೇಳಿದರೆ ಬಾಯಿ ಮುಚ್ಚುತ್ತದೆ. 'ಈ ಮಾತ್ರೆ ತಗೊಳ್ಳುವ ಕೆಲವರಿಗೆ ಬೇರೆಯವರಿಗೆ ಕಾಣದ್ದು ಕಾಣುವುದುಂಟು, ನಿಮಗೆ ಹಾಗೇನಾದರೂ ಆಗಿದೆಯಾ' ಎಂದರೆ ತೆರೆಯುತ್ತದೆ.

ತಪ್ಪಾಗಿ ಅರ್ಥ ಮಾಡಿಕೊಂಡಾಗ ಏನೇನಾಗುತ್ತದೆ ಎಂಬುದು ಮುಖ್ಯ. ರಾತ್ರಿ ಗಲಾಟೆ ಮಾಡಿದ ರೋಗಿಯನ್ನು ಹತ್ತಿರದ ಆಸ್ಪತ್ರೆಗೆ ಒಯ್ದರೆ, ಅಲ್ಲಿ ಶಾಂತವಾಗಲೆಂದು ಹ್ಯಾಲೊಪೆರಿಡಾಲ್ ಚುಚ್ಚುಮದ್ದು ಕೊಡುವ ಸಾಧ್ಯತೆ ಇದೆ. ಆ ಔಷಧಿ ಡೋಪಮಿನ್ನನ್ನೇ ತಡೆಯುತ್ತದೆ. ಬೆಳಗಾಗುವಷ್ಟರಲ್ಲಿ ರೋಗಿ ಮರದ ದಿಮ್ಮಿಯಾಗುತ್ತಾನೆ, ನುಂಗಲಾಗುವುದಿಲ್ಲ, ನುಂಗಲಾಗದ್ದರಿಂದ ಪಾರ್ಕಿನ್‌ಸನ್ ಮಾತ್ರೆಯೂ ಒಳಗೆ ಹೋಗುವುದಿಲ್ಲ. ರಿಸ್ಪೆರಿಡೋನ್, ಓಲಾಂಜಪಿನ್‌ಗಳೂ ಇಲ್ಲಿ ಒಳ್ಳೆಯವಲ್ಲ. ನರರೋಗ ತಜ್ಞರು ಬೇರೆ ಕ್ರಮ ಅನುಸರಿಸುತ್ತಾರೆ. ಮೊದಲು ಮೂತ್ರದ ಸೋಂಕು, ಮಲಬದ್ಧತೆ, ನೀರಿನಂಶ ಕಡಿಮೆಯಾದದ್ದು ಇವನ್ನು ನೋಡುತ್ತಾರೆ. ಆಮೇಲೆ ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂಥವನ್ನು ಮೊದಲು ಇಳಿಸುತ್ತಾರೆ, ಅಗೋನಿಸ್ಟ್ ನಂತರ, ಲೆವೊಡೋಪಾ ಕೊನೆಗೆ. ಇಷ್ಟಾದರೂ ಹೋಗದಿದ್ದರೆ ಕ್ವೆಟಿಯಾಪಿನ್ ಅಥವಾ, ರಕ್ತಕಣಗಳ ಎಣಿಕೆಯನ್ನು ತಪ್ಪದೆ ನೋಡುತ್ತ, ಕ್ಲೊಜಾಪಿನ್.

ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನೊಂದನ್ನೂ ನೆನಪಿಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಕೆಲವರಲ್ಲಿ ಎರಡನೆಯ ಸುತ್ತಿನ ಜ್ವರದೊಂದಿಗೆ ನಡುಕ, ಗೊಂದಲ ತರುತ್ತದೆ. ಬೇಸಿಗೆಯಲ್ಲಿ ಜ್ವರ ಬಂದ ಪಾರ್ಕಿನ್‌ಸನ್ ರೋಗಿ ತಡವರಿಸತೊಡಗಿದರೆ ಎಲ್ಲವನ್ನೂ ಹಳೆಯ ಕಾಯಿಲೆಯ ತಲೆಗೆ ಕಟ್ಟುವಂತಿಲ್ಲ.

ಮೂವತ್ತಕ್ಕೆ ಎಷ್ಟು?

ಬುದ್ಧಿಶಕ್ತಿಯನ್ನು ಅಳೆಯಲು ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೂವತ್ತು ಅಂಕದ ಎರಡು ಪರೀಕ್ಷೆಗಳು. ಎಂಎಂಎಸ್‌ಇ 1975ರದ್ದು, ಮೋಕಾ 2005ರದ್ದು. ಹಳೆಯದು ಇವತ್ತು ಯಾವ ವಾರ, ಯಾವ ಊರು, ಮೂರು ಪದ ನೆನಪಿದೆಯೇ ಎಂಬುದಕ್ಕೆ ಹೆಚ್ಚು ಅಂಕ ಕೊಡುತ್ತದೆ. ಆಲ್‌ಝೈಮರ್‌ನಲ್ಲಿ ಮೊದಲು ಕೆಡುವುದು ಅದೇ. ಪಾರ್ಕಿನ್‌ಸನ್‌ನಲ್ಲಿ ಹಲವರಿಗೆ ಮೊದಲು ಪೆಟ್ಟು ಬೀಳುವುದು ಗಮನ, ಯೋಜನೆ, ಜಾಗದ ಅಂದಾಜು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದರ ಮೇಲೆ. ಹಾಗಾಗಿ ಎಂಎಂಎಸ್‌ಇಯಲ್ಲಿ 28 ಅಂಕ ತೆಗೆದ ಮನುಷ್ಯ ಮನೆಯಲ್ಲಿ ಅಡಿಕೆ ಲೆಕ್ಕ ಮಾಡಲಾಗದೆ ಒದ್ದಾಡುತ್ತಿರಬಹುದು. ಗಡಿಯಾರ ಬರೆಸುವ, ಅಂಕಿ-ಅಕ್ಷರಗಳನ್ನು ಸರದಿಯಂತೆ ಗೆರೆ ಎಳೆದು ಜೋಡಿಸಲು ಹೇಳುವ ಮೋಕಾ ಇದನ್ನು ಹೆಚ್ಚು ಬೇಗ ಹಿಡಿಯುತ್ತದೆ.

ಮೋಕಾ ಕನ್ನಡದಲ್ಲೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದ ಅರಿವಿನ ಪರೀಕ್ಷೆಗಳ ಗುಚ್ಛದಲ್ಲಿ ಕನ್ನಡವೂ ಒಂದು. ಆದರೂ ಭಾಷೆ ಬದಲಿಸಿದ ಮಾತ್ರಕ್ಕೆ ಪರೀಕ್ಷೆ ಊರಿನದಾಗುವುದಿಲ್ಲ. ಮೋಕಾದ ಮೂಲ ಹಾಳೆಯಲ್ಲಿ ಹೆಸರು ಹೇಳಬೇಕಾದ ಪ್ರಾಣಿಗಳು ಸಿಂಹ, ಘೇಂಡಾಮೃಗ, ಒಂಟೆ. ಬರ್ಕ, ಕೆಂಜಳಿಲು, ಕಾಡುಕೋಣಗಳನ್ನು ಕಂಡಕೂಡಲೇ ಹೆಸರಿಸುವವರು ಘೇಂಡಾಮೃಗದ ಚಿತ್ರದ ಮುಂದೆ ತಡವರಿಸಿದರೆ ಕಡಿಮೆಯಾಗುವುದು ಅವರ ಅಂಕ. ಒಂದು ನಿಮಿಷದಲ್ಲಿ ಇಂಥ ಅಕ್ಷರದ ಪದಗಳನ್ನು ಹೇಳಿ ಎಂಬ ಪ್ರಶ್ನೆ ಕನ್ನಡಕ್ಕೆ ಬಂದಾಗ 'ಕ' ಎಂದರೆ 'ಕಾಗೆ', 'ಕಿವಿ' ಸೇರುತ್ತವೆಯೇ ಎಂದು ಮೊದಲೇ ಹೇಳಿರಬೇಕು. ಕಾಗುಣಿತ ನಮ್ಮದು, ಇಂಗ್ಲಿಷಿನದಲ್ಲ. ಇನ್ನು ಓದುಬರಹ. ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಮೋಕಾ ಒಂದು ಅಂಕ ಸೇರಿಸಿ ಕೊಡುತ್ತದೆ. ಮೂರನೇ ಕ್ಲಾಸಿಗೇ ಬಿಟ್ಟು ಗದ್ದೆಗೆ ಇಳಿದ ಅಜ್ಜಿಗೂ ಪಿಯುಸಿ ಮುಗಿಸಿದವರಿಗೂ ಅದೇ ಒಂದು ಅಂಕ. ಪೆನ್ನು ಹಿಡಿದು ರೂಢಿಯೇ ಇಲ್ಲದ ಕೈಗೆ, ಅದೂ ನಡುಗುವ ಕೈಗೆ, ಘನಾಕೃತಿ ಬರೆಸಿ ಬುದ್ಧಿ ಅಳೆದೆ ಎನ್ನುವುದು ಸರಿಯಲ್ಲ.

ಪರೀಕ್ಷೆಯ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಶಿವಮೊಗ್ಗದಿಂದ ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿ, ನಿದ್ದೆಗೆಟ್ಟು, ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದೆ, ಬೆಳಗಿನ ಮಾತ್ರೆ ತಡವಾಗಿ ನುಂಗಿ ಸಾಲಿನಲ್ಲಿ ಕೂತ ಮನುಷ್ಯನಿಂದ ಬರುವ ಅಂಕ ಅವನ ಮೆದುಳಿನದೋ ಪ್ರಯಾಣದ್ದೋ? ಔಷಧಿ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ, ಕಣ್ಣಿಗೆ ಕನ್ನಡಕ, ಕಿವಿಗೆ ಯಂತ್ರ ಇದ್ದಾಗ, ಖಿನ್ನತೆ ಇದೆಯೇ ಎಂದು ನೋಡಿಕೊಂಡ ಮೇಲೆಯೇ ಅಂಕಕ್ಕೆ ಬೆಲೆ.

ಇಷ್ಟೆಲ್ಲ ದೋಷವಿದ್ದರೆ ಪರೀಕ್ಷೆಯೇ ಬೇಡವೇ? ಬೇಕು. ಅದಕ್ಕೆ ಒಂದು ಉಪಾಯವಿದೆ. ಒಬ್ಬರ ಅಂಕವನ್ನು ಪುಸ್ತಕದ ಗಡಿರೇಖೆಗೆ ಹೋಲಿಸುವುದಕ್ಕಿಂತ ಅವರದೇ ಹಳೆಯ ಅಂಕಕ್ಕೆ ಹೋಲಿಸುವುದು ಮೇಲು. ಕಾಯಿಲೆ ಗೊತ್ತಾದ ವರ್ಷವೇ ಒಮ್ಮೆ ಅಳೆದಿಟ್ಟರೆ ಘೇಂಡಾಮೃಗ ಗೊತ್ತಿಲ್ಲದ್ದೂ ಶಾಲೆ ಬಿಟ್ಟದ್ದೂ ಎರಡೂ ಸಲ ಒಂದೇ ಆಗಿರುತ್ತವೆ. ಬದಲಾದದ್ದು ಮಾತ್ರ ಕಾಣುತ್ತದೆ. ಮೊದಲ ಅಂಕವೇ ಇಲ್ಲದೆ ಏಳನೆಯ ವರ್ಷದಲ್ಲಿ ಬಂದ 19ನ್ನು ಹಿಡಿದುಕೊಂಡು ಯಾರೂ ಏನೂ ಹೇಳಲಾರರು. ಅದು ಕುಸಿತವೋ, ಯಾವತ್ತೂ ಅಷ್ಟೇ ಇತ್ತೋ?

ಅಂಕದ ಪಕ್ಕದಲ್ಲಿ ಬದುಕಿನ ಪ್ರಶ್ನೆ ಇರಬೇಕು. ಡಿಮೆನ್ಷಿಯಾ, ಅಂದರೆ ಅರಿವು ಕುಗ್ಗುವ ಕಾಯಿಲೆ, ಎಂದು ಕರೆಯಲು ದಿನನಿತ್ಯದ ಬದುಕೇ ಕೆಟ್ಟಿರಬೇಕು, ಅದೂ ಕೈಕಾಲಿನ ತೊಂದರೆಯಿಂದಲ್ಲ, ಅರಿವಿನ ತೊಂದರೆಯಿಂದ. 2007ರಲ್ಲಿ ತಜ್ಞರು ಒಪ್ಪಿದ ಮಾನದಂಡ ಇದನ್ನೇ ಹೇಳುತ್ತದೆ. ತನ್ನ ಮಾತ್ರೆಗಳ ಹೊತ್ತು, ಲೆಕ್ಕ ತಾನೇ ಹೇಳಬಲ್ಲರೇ? ಇಲ್ಲಿಯವರಿಗಾದರೆ ಇನ್ನೂ ಒಳ್ಳೆಯ ಪ್ರಶ್ನೆಗಳಿವೆ: ಅಡಿಕೆಯನ್ನು ಬೆಟ್ಟೆ, ರಾಶಿ, ಗೊರಬಲು ಎಂದು ಮುಂಚಿನಂತೆ ವಿಂಗಡಿಸುತ್ತಾರೆಯೇ, ಅಡಿಕೆ ಬೇಯಿಸುವ ಚೊಗರಿನ ಹದ ಗೊತ್ತಾಗುತ್ತದೆಯೇ, ಮಂಡಿಯ ಪಟ್ಟಿ ಓದಿ ಎಷ್ಟು ಬರಬೇಕೆಂದು ಹೇಳುತ್ತಾರೆಯೇ? ಕೈ ನಡುಗಿ ಸುಲಿಯಲಾಗದಿದ್ದರೆ ಅದು ಚಲನೆಯ ತೊಂದರೆ. ಸುಲಿಸಲು ಎಷ್ಟು ಆಳು ಬೇಕೆಂದು ಹೊಳೆಯದಿದ್ದರೆ ಅದು ಬೇರೆ.

ಎಲ್ಲರಿಗೂ ಬಂದೇ ಬರುತ್ತದೆಯೇ?

ಸಿಡ್ನಿಯಲ್ಲಿ 20 ವರ್ಷ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಗಿ, ಅಷ್ಟು ವರ್ಷ ಬದುಕಿ ಉಳಿದವರಲ್ಲಿ 83 ಶೇಕಡಾ ಜನರಿಗೆ ಡಿಮೆನ್ಷಿಯಾ ಇತ್ತು ಎಂದಿತು. ಆ ಅಂಕಿ ಅಲ್ಲಿಂದ ಎಲ್ಲ ಕಡೆ ಓಡಾಡಿದೆ. 2024ರಲ್ಲಿ ಬಂದ ವಿಶ್ಲೇಷಣೆಯೊಂದು ಅಷ್ಟು ಕತ್ತಲೆಯ ಚಿತ್ರ ಕೊಡುವುದಿಲ್ಲ. ಹತ್ತು ವರ್ಷಕ್ಕೆ ಡಿಮೆನ್ಷಿಯಾ ಬರುವ ಅಂದಾಜು ಒಂದು ಗುಂಪಿನಲ್ಲಿ 9 ಶೇಕಡಾ, ಇನ್ನೊಂದರಲ್ಲಿ 27 ಶೇಕಡಾ. ಒಂದರಲ್ಲಿದ್ದವರು ಹೆಚ್ಚು ಓದಿದ, ಆರೋಗ್ಯವಂತ ಸ್ವಯಂಸೇವಕರು. ಇನ್ನೊಂದರಲ್ಲಿದ್ದವರು ಆಸ್ಪತ್ರೆಗೆ ಬರುವ ರೋಗಿಗಳು. ವಯಸ್ಸು, ಓದು, ಕಾಯಿಲೆ ಬಂದ ಕಾಲ ಇವುಗಳ ಮೇಲೆ ಅಂಕಿ ಇಷ್ಟು ಹಿಗ್ಗಿ ಕುಗ್ಗುತ್ತದೆ. ಮಲೆನಾಡಿನ ಒಬ್ಬರಿಗೆ ಈ ಮೂರರಲ್ಲಿ ಯಾವ ಸಂಖ್ಯೆಯನ್ನು ತೋರಿಸಿದರೂ ಅದು ಅವರದಲ್ಲ.

ಕೆಲವೊಮ್ಮೆ ಕ್ರಮವೇ ತಿರುಗಿರುತ್ತದೆ. ಅರಿವಿನ ತೊಂದರೆ ಚಲನೆಯ ತೊಂದರೆಗಿಂತ ಮೊದಲೋ, ಅದು ಶುರುವಾದ ಒಂದು ವರ್ಷದೊಳಗೋ ಬಂದರೆ ಲೂಯಿ ಬಾಡಿ (ಮೆದುಳಿನ ಕೋಶಗಳಲ್ಲಿ ಕಟ್ಟುವ ಪ್ರೋಟೀನಿನ ಮುದ್ದೆ) ಡಿಮೆನ್ಷಿಯಾ ಎನ್ನುತ್ತಾರೆ. ಹಾಲಿವುಡ್ ನಟ ರಾಬಿನ್ ವಿಲಿಯಮ್ಸ್ 2014ರಲ್ಲಿ ತೀರಿಕೊಂಡಾಗ ಅವರಿಗೆ ಹೇಳಿದ್ದದ್ದು ಪಾರ್ಕಿನ್‌ಸನ್. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಮೆದುಳಿನ ತುಂಬ ಹರಡಿದ ಲೂಯಿ ಬಾಡಿ ಕಾಯಿಲೆ.

ಬೇಗ ಹೇಳಿ ಏನು ಪ್ರಯೋಜನ, ಮದ್ದಿಲ್ಲವಲ್ಲ ಎಂಬ ವಾದವೂ ಇದೆ. ಕಾಯಿಲೆಯನ್ನು ತಡೆಯುವ ಮದ್ದು ಇಲ್ಲ, ಸರಿ. ಆದರೆ ಪಾರ್ಕಿನ್‌ಸನ್ ಡಿಮೆನ್ಷಿಯಾಕ್ಕೆ ರಿವಾಸ್ಟಿಗ್ಮಿನ್ ಸ್ವಲ್ಪ ಮಟ್ಟಿಗೆ ಸಹಾಯ ಮಾಡುತ್ತದೆ ಎಂದು 2004ರ ದೊಡ್ಡ ಪ್ರಯೋಗ ತೋರಿಸಿದೆ. ಅರಿವನ್ನು ಇನ್ನಷ್ಟು ಮಂಕಾಗಿಸುವ ಮಾತ್ರೆಗಳನ್ನು ತೆಗೆಯುವುದಕ್ಕೆ ಹೊಸ ಮದ್ದೇನೂ ಬೇಕಿಲ್ಲ.

ಯಾರು ಕೇಳಬೇಕು, ಎಲ್ಲಿ?

ಶಿವಮೊಗ್ಗದಲ್ಲಿ ಮೆಗ್ಗಾನ್ ಬೋಧನಾ ಆಸ್ಪತ್ರೆಯಿದೆ. ಪಶ್ಚಿಮದ ತಾಲ್ಲೂಕುಗಳ ಅನೇಕರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ಕೆಲವರು ನಿಮ್ಹಾನ್ಸ್‌ಗೆ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದರೆ ಭೇಟಿಯ ದಿನಾಂಕವೂ ಕುಸಿಯುತ್ತದೆ. ವರ್ಷಕ್ಕೆ ಒಂದೆರಡು ಸಲ ಸಿಗುವ ತಜ್ಞರ ಆ ಹತ್ತು ನಿಮಿಷ ಮಾತ್ರೆಯ ಡೋಸಿಗೇ ಮುಗಿದುಹೋಗುತ್ತದೆ.

ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಶುರುಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದ ಮುಖ್ಯ ಗಮನ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಡಿಮೆನ್ಷಿಯಾಗಳ ಮೇಲೆ. ಪಾರ್ಕಿನ್‌ಸನ್ ಈ ನಾಲ್ಕರ ನಡುವಿನ ಸಂದಿಯಲ್ಲಿ ನಿಂತಿದೆ. ಇತ್ತ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಗೆ ಅದು ನರರೋಗ, ನರರೋಗದವರಿಗೆ ಖಿನ್ನತೆ ಮನೋರೋಗ. ರೋಗಿ ಎರಡು ಚೀಟಿ ಹಿಡಿದು ಎರಡು ಸಾಲಿನಲ್ಲಿ ನಿಲ್ಲುತ್ತಾನೆ, ಒಂದು ಸಾಲಿನವರು ಬರೆದ ಮಾತ್ರೆ ಇನ್ನೊಂದು ಸಾಲಿನವರಿಗೆ ಗೊತ್ತಿರುವುದಿಲ್ಲ.

ತಾಲ್ಲೂಕು ಮಟ್ಟದಲ್ಲಿ ಇದು ಆಗದ ಕೆಲಸವೇನಲ್ಲ. ನಿಮ್ಹಾನ್ಸ್ 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೀನಿಯಾದಂಥ ತೀವ್ರ ಮನೋರೋಗ ಇರುವವರನ್ನು ಹುಡುಕಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಅನುಸರಿಸಿದೆ. ಚದುರಿದ ಮನೆ, ಕಾಲುದಾರಿ, ಸಂಕ ದಾಟಿ ಹೋಗಬೇಕಾದ ತೋಟಗಳ ನಡುವೆಯೇ ಅದು ನಡೆದದ್ದು. ಪಾರ್ಕಿನ್‌ಸನ್‌ನ ಆರು ಪ್ರಶ್ನೆಗಳಿಗೆ ಅಷ್ಟು ದೊಡ್ಡ ಸಿದ್ಧತೆಯೂ ಬೇಕಾಗದು. ತರಬೇತಾದ ಒಬ್ಬ ನರ್ಸ್, ಒಂದು ಕೊಠಡಿ, ಅರ್ಧ ಗಂಟೆ ಸಾಕು. ಪ್ರಶ್ನೆಗಳಿಂದ ಬರುವುದು ರೋಗನಿರ್ಣಯವಲ್ಲ, ಯಾರನ್ನು ತಜ್ಞರ ಹತ್ತಿರ ಬೇಗ ಕಳಿಸಬೇಕು ಎಂಬ ಸುಳಿವು. ಎಲ್ಲರನ್ನೂ ಕೇಳಿದರೆ ತೊಂದರೆ ಇಲ್ಲದವರನ್ನೂ ಸುಮ್ಮನೆ ಓಡಾಡಿಸಿದಂತಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಕೇಳದೆ ಬಿಟ್ಟು ತಪ್ಪಿದವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಕೊಠಡಿ ಒಂದಲ್ಲ, ಎರಡಿದ್ದರೆ ಇನ್ನೂ ಒಳ್ಳೆಯದು. ಅಪ್ಪಯ್ಯನ ಎದುರಿಗೆ ಅಮ್ಮ ಬಾಯಿ ಬಿಡುವುದಿಲ್ಲ. ಅಪ್ಪಯ್ಯನನ್ನು ಕೇಳಿದರೆ 'ಎಂತದೂ ಇಲ್ಲ ಡಾಕ್ಟ್ರೇ, ಆರಾಮಿದೀನಿ' ಎಂಬಲ್ಲಿಗೆ ಮುಗಿಯಿತು. ಅಮ್ಮನನ್ನು ಬೇರೆ ಕೂರಿಸಿ ಕೇಳಿದರೆ ರಾತ್ರಿ ಕನಸಿನಲ್ಲಿ ಕೂಗಿ ಒದೆಯುವುದು, ಸಹಕಾರ ಸಂಘದಲ್ಲಿ ಹೇಳದೆ ತೆಗೆದ ಸಾಲ, ಬಾಗಿಲಲ್ಲಿ ನಿಲ್ಲುವ ಮಕ್ಕಳು ಒಂದೊಂದಾಗಿ ಬರುತ್ತವೆ. ಅದೇ ಹೊತ್ತಿಗೆ ಅಮ್ಮ ಎಷ್ಟು ದಿನದಿಂದ ಸರಿಯಾಗಿ ಮಲಗಿಲ್ಲ ಎಂಬುದನ್ನೂ ಕೇಳಿದರೆ ಒಳ್ಳೆಯದು. ರೋಗಿಯ ಆ ಅಳತೆಪಟ್ಟಿಯಲ್ಲಿ ಅದಕ್ಕೆ ಸಾಲಿಲ್ಲ.

ಹೆಬ್ಬೆಟ್ಟು, ಪಾಲು, ಉಯಿಲು

ಅಳೆಯದೆ ಬಿಟ್ಟದ್ದರ ಪರಿಣಾಮ ಆಸ್ಪತ್ರೆಯಲ್ಲೇ ನಿಲ್ಲುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್‌ಸನ್ ಇದೆ. ಹೆಚ್ಚಿನ ಸೌಲಭ್ಯಗಳಿಗೆ 40 ಶೇಕಡಾ ಊನ ಎಂಬ ಪ್ರಮಾಣಪತ್ರ ಬೇಕು. ಕಡತದಲ್ಲಿ ನಡುಕದ ಹೊರತು ಬೇರೇನೂ ಬರೆದಿರದಿದ್ದರೆ, ಒಂಟಿಯಾಗಿ ಬಿಡಲಾಗದ ಮನುಷ್ಯನೂ ಕಾಗದದ ಮೇಲೆ ಕೈ ನಡುಗುವವನಷ್ಟೇ.

ತೋಟ, ಮನೆ ಇರುವ ಕುಟುಂಬಗಳಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ಮಗನಿಗೆ ಬರೆದುಕೊಟ್ಟ ಮುಕ್ತ್ಯಾರನಾಮೆ (ಪವರ್ ಆಫ್ ಅಟಾರ್ನಿ) ತಂದೆ ಸ್ವಸ್ಥಚಿತ್ತ ಕಳೆದುಕೊಂಡರೆ ಕಾನೂನಿನ ಪ್ರಕಾರ ಬಿದ್ದುಹೋಗುತ್ತದೆ. ಎಲ್ಲರೂ ಅದನ್ನು ನೆಚ್ಚಿಕೊಂಡಿರುವುದು ಮಾತ್ರ ಆ ದಿನಕ್ಕೇ. ಉಯಿಲು ಬರೆಯುವವನಿಗೆ ಬರೆಯುವ ಹೊತ್ತಿನಲ್ಲಿ ಸ್ವಸ್ಥಚಿತ್ತ ಇರಬೇಕು ಎನ್ನುತ್ತದೆ 1925ರ ಉತ್ತರಾಧಿಕಾರ ಕಾಯ್ದೆ. ನಡುನಡುವೆ ಬುದ್ಧಿ ತಿಳಿಯಾದ ಹೊತ್ತಿನಲ್ಲಿ ಬರೆದರೂ ನಡೆಯುತ್ತದೆ ಎಂದೂ ಅದೇ ಕಾಯ್ದೆ ಹೇಳುತ್ತದೆ. ಪಾರ್ಕಿನ್‌ಸನ್ ಡಿಮೆನ್ಷಿಯಾ ಏರಿಳಿತದ ಕಾಯಿಲೆ. ಬೆಳಿಗ್ಗೆ ತಿಳಿ, ಸಂಜೆ ಮಬ್ಬು. ಹತ್ತು ವರ್ಷದ ನಂತರ ಅಣ್ಣತಮ್ಮಂದಿರು ಪಾಲಿಗಾಗಿ ನ್ಯಾಯಾಲಯದಲ್ಲಿ ನಿಂತಾಗ ಕೇಳಿಬರುವ ಪ್ರಶ್ನೆ, ಆ ದಿನ ಅಪ್ಪಯ್ಯ ಹೇಗಿದ್ದರು ಎಂಬುದೇ. ಉಯಿಲಿನ ಮೇಲೆ ಇಬ್ಬರು ಸಾಕ್ಷಿಗಳ ಸಹಿ ಇರುತ್ತದೆ. ಆಸ್ಪತ್ರೆಯ ಕಡತದಲ್ಲಿ ಅದೇ ತಿಂಗಳ ಮಾತ್ರೆಯ ಡೋಸು, ನಡುಕ, ನಡಿಗೆಯ ವಿವರವೂ ಇರುತ್ತದೆ. ಅವರ ಲೆಕ್ಕ, ಗಮನ, ತೀರ್ಮಾನ ಹೇಗಿತ್ತು ಎಂದು ಹೇಳುವ ಒಂದು ಸಾಲೂ ಇರುವುದಿಲ್ಲ.